ಬಾಡಿ ಸ್ಕ್ಯಾನರ್ ಮುಂದೆ ನಿಲ್ಲುವ ಮೊದಲು: ಗಡಿನಾಡಿನ ಪ್ರಯಾಣಿಕರಿಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ ಇದೆ. ದುಬೈಯಲ್ಲೋ ಅಬುಧಾಬಿಯಲ್ಲೋ ಇರುವ ಮಕ್ಕಳನ್ನು ನೋಡಲು ಹೊರಟ ಅಪ್ಪ ಅಮ್ಮಂದಿರೇ ಜಾಸ್ತಿ ಬರುತ್ತಾರೆ. ಕೆಲವರು ಮಂಗಳೂರಿನಿಂದ ಹತ್ತುತ್ತಾರೆ, ಕೆಲವರು ಕಣ್ಣೂರಿನಿಂದ. ಟಿಕೆಟ್ ಕೈಗೆ ಬಂದ ಮೇಲೆ ಹೆಂಗಸರು ದನಿ ತಗ್ಗಿಸಿ ಕೇಳುತ್ತಾರೆ: "ಆ ಮೆಷಿನಿನಲ್ಲಿ ಬಟ್ಟೆ ಒಳಗಿನದ್ದೆಲ್ಲ ಕಾಣ್ತದಂತೆ, ಹೌದಾ?" ಇದು ಕೇಳಲೇಬೇಕಾದ ಪ್ರಶ್ನೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಯಂತ್ರಗಳ ಗುರುತು ಇರಲಿ. ಬಾಗಿಲಿನ ಚೌಕಟ್ಟಿನ ಹಾಗೆ ಇರುವುದು ಮೆಟಲ್ ಡಿಟೆಕ್ಟರ್. ಅದಕ್ಕೆ ಲೋಹ ಮಾತ್ರ ಗೊತ್ತಾಗುತ್ತದೆ. ಬಾಡಿ ಸ್ಕ್ಯಾನರ್ ಬೇರೆ. ಅದರೊಳಗೆ ಕೈ ಎತ್ತಿ ಕೆಲವು ಸೆಕೆಂಡ್ ನಿಲ್ಲಬೇಕು. ಮಿಲಿಮೀಟರ್ ರೇಡಿಯೋ ಅಲೆ ಬಟ್ಟೆಯನ್ನು ದಾಟಿ ಹೋಗಿ ಚರ್ಮಕ್ಕೆ ತಾಗಿ ವಾಪಸ್ ಬರುತ್ತದೆ. ನಡುವೆ ಏನಿದ್ದರೂ, ಕಾಗದವಾಗಲಿ ಪ್ಲಾಸ್ಟಿಕ್ ಆಗಲಿ, ಅದಕ್ಕೆ ತಿಳಿಯುತ್ತದೆ. ಇದು ಎಕ್ಸ್‌ರೇ ಅಲ್ಲ. ಈಗಿನ ಯಂತ್ರಗಳ ಪರದೆಯಲ್ಲಿ ನಿಮ್ಮ ಮೈ ಕಾಣುವುದಿಲ್ಲ. ಮಕ್ಕಳು ಸ್ಲೇಟಿನಲ್ಲಿ ಬಿಡಿಸುವ ಗೊಂಬೆಯಂಥ ಒಂದು ಆಕೃತಿ ಇರುತ್ತದೆ, ಯಾರು ನಿಂತರೂ ಅದೇ. ಅನುಮಾನ ಬಂದ ಜಾಗದಲ್ಲಿ ಒಂದು ಚೌಕ ಮೂಡುತ್ತದೆ.

ಈ ಗೊಂಬೆ ಸುಮ್ನೆ ಬಂದದ್ದಲ್ಲ. 2009ರ ಡಿಸೆಂಬರ್ 25ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯಿಟ್‌ಗೆ ಹೊರಟ ವಿಮಾನದಲ್ಲಿ ಒಬ್ಬ ಒಳಚಡ್ಡಿಯಲ್ಲಿ ಸ್ಫೋಟಕ ಅಡಗಿಸಿ ತಂದಿದ್ದ. ಅದಾದ ಮೇಲೆ ಅಮೆರಿಕದಲ್ಲಿ ಗಡಿಬಿಡಿಯಿಂದ ಸ್ಕ್ಯಾನರ್ ಹಾಕಿದರು. ಅವುಗಳಲ್ಲಿ ಕೆಲವು ಎಕ್ಸ್‌ರೇ ಯಂತ್ರಗಳು, ಬೆತ್ತಲೆ ಮೈಯ ರೂಪವನ್ನೇ ತೋರಿಸುತ್ತಿದ್ದವು. ಜನ ಕೋರ್ಟಿಗೆ ಹೋದರು, ಗಲಾಟೆ ಎಬ್ಬಿಸಿದರು. ಮೈಯ ಚಿತ್ರ ತೋರಿಸಕೂಡದು ಎಂದು 2012ರಲ್ಲಿ ಕಾನೂನು ಬಂತು. ಹಾಗೆ ಬದಲಾಯಿಸಲು ಆಗದ ಎಕ್ಸ್‌ರೇ ಯಂತ್ರಗಳನ್ನು 2013ರಲ್ಲಿ ಅಲ್ಲಿನ ವಿಮಾನ ನಿಲ್ದಾಣಗಳಿಂದ ತೆಗೆದರು. ಯುರೋಪಿನಲ್ಲಂತೂ ಸ್ಕ್ಯಾನರ್ ಬೇಡ, ಬೇರೆ ರೀತಿ ತಪಾಸಣೆ ಮಾಡಿ ಎಂದು ಕೇಳುವ ಹಕ್ಕು 2011ರಿಂದಲೇ ನಿಯಮದಲ್ಲಿದೆ. ಭದ್ರತೆಯೂ ಉಳಿಯಿತು, ಮಾನವೂ ಉಳಿಯಿತು. ಕೇಳಿದ್ದರಿಂದ ಅಲ್ವಾ?

ನಮ್ಮಲ್ಲಿ ಸೂಕ್ಷ್ಮ ವಿಮಾನ ನಿಲ್ದಾಣಗಳಿಗೆ ಬಾಡಿ ಸ್ಕ್ಯಾನರ್ ಬೇಕು ಎಂಬ ಆದೇಶ ಬಂದದ್ದು 2019ರಲ್ಲಿ. ಎಲ್ಲಿ ಯಾವುದು ಸಿಗುತ್ತದೋ ಹೇಳಲಾಗದು. ಎರಡಕ್ಕೂ ತಯಾರಾಗಿಯೇ ಹೊರಡಿ.

ತಯಾರಿ ಮನೆಯಲ್ಲೇ ಆಗಬೇಕು. ಬೆಳ್ಳಿಯ ನೇವಳ ಕಟ್ಟಿದ್ದರೆ ಬಿಚ್ಚಿಟ್ಟು ಹೋಗಿ, ಇಲ್ಲದಿದ್ದರೆ ಸೊಂಟದ ಹತ್ತಿರ ಕೂಗುವುದು ಗ್ಯಾರಂಟಿ. ಜರಿ ಸೀರೆ ಬೇಡ, ತೆಳ್ಳನೆಯ ಹತ್ತಿ ಸೀರೆ ಒಳ್ಳೆಯದು. ದಪ್ಪ ನೆರಿಗೆಗೂ ಸ್ಕ್ಯಾನರ್ ಅಲಾರಂ ಕೊಡುತ್ತದೆ. ಸೆರಗಿನ ತುದಿಯ ಗಂಟಿನಲ್ಲಿ ಕಟ್ಟಿದ ನೋಟು, ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆ ಸಂಚಿ, ಜೇಬಿನ ಕರವಸ್ತ್ರ ಎಲ್ಲವೂ ಟ್ರೇಗೆ ಹೋಗಲಿ. ಬೆವರಿ ಒದ್ದೆಯಾದ ಬೆನ್ನಿಗೂ ಚೌಕ ಮೂಡಬಹುದು, ಹೆದರಬೇಡಿ. ಒಳಗೆ ಬಂದ ಮೇಲೆ ಸ್ವಲ್ಪ ಹೊತ್ತು ಕುಳಿತು ಬೆವರು ಆರಿಸಿಕೊಂಡು ಸಾಲಿಗೆ ನಿಲ್ಲಿ.

ಪೇಸ್‌ಮೇಕರ್ ಇರುವವರು ಅದರ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ. ಚೌಕಟ್ಟಿನ ಬಾಗಿಲನ್ನು ಮಾಮೂಲಿ ನಡಿಗೆಯಲ್ಲಿ ದಾಟಿದರೆ ತೊಂದರೆ ಇಲ್ಲ, ಅಲ್ಲೇ ನಿಂತುಕೊಳ್ಳಬಾರದು. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆಯ ಮೇಲೆ ಹಿಡಿದುಕೊಂಡೇ ಇರಲು ಬಿಡಬೇಡಿ. ಇನ್ಸುಲಿನ್ ಪಂಪ್ ಅಥವಾ ತೋಳಿಗೆ ಅಂಟಿಸಿದ ಶುಗರ್ ಸೆನ್ಸರ್ ಇದ್ದರೆ ಅದರ ಜೊತೆ ಬಂದ ಪುಸ್ತಕ ಓದಿ. ಕೆಲವು ಕಂಪನಿಗಳು ಬಾಡಿ ಸ್ಕ್ಯಾನರ್ ಬೇಡ, ಕೈಯಿಂದ ತಪಾಸಣೆ ಕೇಳಿ ಎಂದೇ ಬರೆದಿರುತ್ತವೆ.

ನಮ್ಮ ಕಡೆಯ ಹಿರಿಯರಿಗೆ ಕನ್ನಡ, ತುಳು, ಮಲಯಾಳ ಬರುತ್ತದೆ. ಎದುರು ನಿಂತ, ವಿಮಾನ ನಿಲ್ದಾಣದ ಭದ್ರತೆ ನೋಡುವ ಸಿಐಎಸ್‌ಎಫ್ ಪಡೆಯವರಿಗೆ ಹೆಚ್ಚಾಗಿ ಹಿಂದಿ. ಹಾಗಾಗಿ ನಾನು ಒಂದು ಚೀಟಿ ಬರೆದು ಕೊಡುತ್ತೇನೆ. ಒಂದು ಬದಿ ಹಿಂದಿ, ಇನ್ನೊಂದು ಬದಿ ಇಂಗ್ಲಿಷ್: ಮೊಣಕಾಲಿನಲ್ಲಿ ಲೋಹ ಇದೆ, ಆಪರೇಷನ್ ಆಗಿದೆ, ಡಾಕ್ಟರ ಪತ್ರ ಇದೆ. ಯಂತ್ರ ಕೂಗುವ ಮೊದಲೇ ಚೀಟಿ ತೋರಿಸಿ. ಕೂಗಿದ ಮೇಲೆ ತಡಬಡಾಯಿಸುವುದು ಬೇಡ.

ಹೆಂಗಸರನ್ನು ಹೆಂಗಸರೇ, ಪರದೆಯ ಒಳಗೆ ತಪಾಸಣೆ ಮಾಡುತ್ತಾರೆ. ಬಟ್ಟೆ ಸರಿಸಿ, ಕೃತಕ ಕಾಲು ಬಿಚ್ಚಿ ಎಂದು ಎಲ್ಲರೆದುರು ಹೇಳಿದರೆ ಅಲ್ಲೇ ನಿಲ್ಲಿ. ಪ್ರತ್ಯೇಕ ಕೋಣೆ ಕೇಳಿ, ಮೇಲಧಿಕಾರಿಯನ್ನು ಕರೆಸಿ ಎನ್ನಿ. ನರ್ತಕಿ ಸುಧಾ ಚಂದ್ರನ್ ಅವರಿಗೇ ಪ್ರತಿ ಸಲ ಕೃತಕ ಕಾಲು ಬಿಚ್ಚಿಸುತ್ತಿದ್ದರು. 2021ರ ಅಕ್ಟೋಬರಿನಲ್ಲಿ ಅವರು ಬಹಿರಂಗವಾಗಿ ಹೇಳಿಕೊಂಡ ಮೇಲೆ ಸಿಐಎಸ್‌ಎಫ್ ಕ್ಷಮೆ ಕೇಳಿತು.

ಮುಟ್ಟದೆ ಅಳೆಯುವ ಯಂತ್ರ ಕಾಸರಗೋಡಿನವರಿಗೆ ಹೊಸದೇನಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಇತ್ತ ಕಡೆ ಸಿಕ್ಕಿಬಿದ್ದರು. ಆಮೇಲೆ ಗಡಿಯ ತಲಪಾಡಿಯಲ್ಲಿ ಹಣೆಗೆ ಗುರಿಯಿಟ್ಟ ಥರ್ಮಾಮೀಟರ್ ಬಂತು. ಅದು ಅಳೆಯುವುದು ಚರ್ಮದ ಬಿಸಿಯನ್ನು ಮಾತ್ರ. ಬಿಸಿಲಿನಲ್ಲಿ ಸಾಲು ನಿಂತವನ ಹಣೆ ಕಾದೇ ಇರುತ್ತದೆ. ಮುಂದೆ ಎಲ್ಲಾದರೂ ಅಂಥ ತಪಾಸಣೆಯಲ್ಲಿ ಜ್ವರ ಇದೆ ಎಂದರೆ, ನೆರಳಿನಲ್ಲಿ ಹತ್ತು ಹದಿನೈದು ನಿಮಿಷ ಕೂರಿಸಿ ಮತ್ತೆ ನೋಡಿ ಎಂದು ಕೇಳಿ. ಒಂದು ಅಂಕಿಯ ಮೇಲೆ ದಾರಿ ಮುಚ್ಚಲು ಬಿಡಬೇಡಿ.

ನನಗೆ ನಿಜವಾಗಿ ಭಯ ಇರುವುದು ಇದರ ಮುಂದಿನ ಹೆಜ್ಜೆಯದು. ಮುಖದ ಬಣ್ಣದ ಸಣ್ಣ ಏರಿಳಿತ ನೋಡಿ ಕ್ಯಾಮೆರಾ ನಾಡಿ ಎಣಿಸಬಲ್ಲದು. ರೇಡಾರ್ ಉಸಿರು ಎಣಿಸಬಲ್ಲದು. ಅಮೆರಿಕದ ಗೃಹ ಭದ್ರತಾ ಇಲಾಖೆ 'ಫಾಸ್ಟ್' ಎಂಬ ಯೋಜನೆಯಲ್ಲಿ ಇಂಥ ಸೆನ್ಸರುಗಳಿಂದ ಕೆಟ್ಟ ಉದ್ದೇಶ ಇರುವವರನ್ನು ಹಿಡಿಯಬಹುದೇ ಎಂದು ಪ್ರಯೋಗ ಮಾಡಿತ್ತು. ಶಾರ್ಜಾದಲ್ಲಿ ಮಗ ಐಸಿಯುನಲ್ಲಿದ್ದಾನೆ ಎಂದು ಟಿಕೆಟಿಗೆ ಬಂದ ಒಬ್ಬರು ಅಮ್ಮನ ಕೈ ಹೇಗೆ ನಡುಗುತ್ತಿತ್ತೆಂದರೆ, ಪಾಸ್‌ಪೋರ್ಟ್ ಜಾರಿ ನನ್ನ ಮೇಜಿನ ಕೆಳಗೆ ಬಿತ್ತು. ಆ ಎದೆಬಡಿತವನ್ನು ಯಂತ್ರ ಏನೆಂದು ಓದುತ್ತದೆ? ಚೂರಿ ಹುಡುಕುವುದು ಬೇರೆ, ಮನಸ್ಸು ಹುಡುಕುವುದು ಬೇರೆ. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮಾಡಕೂಡದು ಎಂದಿತು. 2017ರಲ್ಲಿ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದನ್ನು ಮೊಟಕು ಮಾಡಬೇಕಾದರೆ ಕಾನೂನು ಇರಬೇಕು, ಸರಿಯಾದ ಕಾರಣ ಇರಬೇಕು, ಎಷ್ಟು ಬೇಕೋ ಅಷ್ಟೇ ಇರಬೇಕು. ಯಾವ ಹೊಸ ಯಂತ್ರ ಬಂದರೂ ಈ ಮೂರನ್ನು ಕೇಳಿ.

ಬೆಂಗಳೂರಿಗೋ ಮುಂಬೈಗೋ ಹೋಗುವವರಿಗೆ ಇನ್ನೊಂದು ಮಾತು. ಮುಖ ಗುರುತಿಸುವ ಡಿಜಿಯಾತ್ರಾ ಕಡ್ಡಾಯ ಅಲ್ಲ. ಗೇಟಿನಲ್ಲಿ "ಇಲ್ಲಿ ನೋಡಿ" ಎಂದು ಕ್ಯಾಮೆರಾ ತೋರಿಸಿದರೆ, ಯಾಕೆ ಎಂದು ಕೇಳಿ. ಬೇಡವಾದರೆ ಆಧಾರ್ ಕಾರ್ಡ್, ಬೋರ್ಡಿಂಗ್ ಪಾಸ್ ತೋರಿಸಿ ಹೋಗಬಹುದು. ಎಲ್ಲಾದರೂ ಅವಮಾನ ಆಯಿತೋ, ಜಗಳಕ್ಕೆ ಇಳಿಯಬೇಡಿ. ದಿನ, ಹೊತ್ತು, ಗೇಟು, ಸಮವಸ್ತ್ರದ ಮೇಲಿನ ಹೆಸರು ಬರೆದುಕೊಂಡು ವಿಮಾನಯಾನ ಸಚಿವಾಲಯದ ಏರ್‌ಸೇವಾ ಆಪ್‌ನಲ್ಲಿ ದೂರು ಹಾಕಿ. ಬರೆಯಲು ಕಷ್ಟವಾದರೆ ಅಂಗಡಿಗೆ ಬನ್ನಿ, ಕೂತು ಬರೆಯೋಣ. ಅದಕ್ಕೆ ದುಡ್ಡಿಲ್ಲ.