ಜೇಡವೋ ಚೇಳೋ, ಮೊದಲು ಪೊರಕೆ ಕೆಳಗಿಡಿ

ಗೋಡೆಯ ಮೇಲೆ ಅಂಗೈಯಗಲದ ಜೇಡ ಕಂಡರೆ ಹೆಚ್ಚಿನ ಮನೆಗಳಲ್ಲಿ ಆಗುವುದು ಇಷ್ಟೇ: ಒಬ್ಬರು ಕಿರುಚುತ್ತಾರೆ, ಇನ್ನೊಬ್ಬರು ಪೊರಕೆ ತರುತ್ತಾರೆ, ಏಟು ತಪ್ಪುತ್ತದೆ, ಜೇಡ ಬೀರುವಿನ ಹಿಂದೆ ಸೇರುತ್ತದೆ. ಏಟು ಬಿದ್ದರೂ ಕೆಲಸ ಮುಗಿಯಿತು ಎನ್ನುವಂತಿಲ್ಲ. ಈ ಕಂದು ಜೇಡದ ಹೆಣ್ಣು ನಾಣ್ಯದಂಥ ಚಪ್ಪಟೆ ಮೊಟ್ಟೆಚೀಲವನ್ನು ಎದೆಯಡಿ ಹಿಡಿದುಕೊಂಡೇ ಓಡಾಡುತ್ತದೆ. ಮರಿ ಹೊರಬರುವ ಹೊತ್ತಿಗೆ ಚೀಲ ಒಡೆದರೆ ನೂರಾರು ಮರಿಗಳು ಕೋಣೆಯ ತುಂಬ. ಚೇಳಿನದೂ ಇದೇ ಕಥೆ. ಮೊದಲ ಪೊರೆ ಕಳಚುವವರೆಗೆ ಮರಿಗಳೆಲ್ಲ ತಾಯಿಯ ಬೆನ್ನ ಮೇಲೇ ಇರುತ್ತವೆ. ಚಪ್ಪಲಿ ಬಿದ್ದ ಕೂಡಲೇ ದಿಕ್ಕಿಗೊಂದು ಓಡುತ್ತವೆ.

ಎಲ್ಲವನ್ನೂ ಹಿಡಿಯಬೇಕಾಗಿಲ್ಲ

ಸೂರಿನ ಮೂಲೆಯಲ್ಲಿ ಬಲೆ ಕಟ್ಟಿ, ಮುಟ್ಟಿದರೆ ಗಡಗಡ ಅಲುಗಾಡುವ ಉದ್ದಕಾಲಿನ ಜೇಡಕ್ಕೆ ಇಲ್ಲಣ ತೆಗೆಯುವ ಕೋಲು ಸಾಕು. ಕಿಟಕಿಯಲ್ಲಿ ನೊಣದ ಮೇಲೆ ಹಾರುವ, ಬೆರಳು ತೋರಿಸಿದರೆ ತಿರುಗಿ ನೋಡುವ ಪುಟ್ಟ ಜೇಡವನ್ನು ಅದರ ಪಾಡಿಗೆ ಬಿಡಿ. ಬಚ್ಚಲ ಬಕೆಟ್‌ನಲ್ಲಿ ಸಿಕ್ಕಿಬಿದ್ದದ್ದಕ್ಕೆ ಒಂದು ಕಡ್ಡಿ ಓರೆಯಾಗಿ ಇಟ್ಟರೆ ತಾನೇ ಹತ್ತಿ ಹೋಗುತ್ತದೆ.

ಹಿಡಿಯಬೇಕಾದದ್ದು ಎರಡು: ಆ ದೊಡ್ಡ ಕಂದು ಜೇಡ ಮತ್ತು ಚೇಳು. ಜೇಡದ ವೈಜ್ಞಾನಿಕ ಹೆಸರು ಹೆಟೆರೊಪೋಡ ವೆನಟೋರಿಯ. ಬಲೆ ಕಟ್ಟುವುದಿಲ್ಲ, ರಾತ್ರಿ ಜಿರಳೆ ಬೇಟೆಯಾಡುತ್ತದೆ. ಬೆರಳಿನಿಂದ ಅದುಮಿದರೆ ಕಚ್ಚೀತು, ನೋವು ಬಂದೀತು, ಅದಕ್ಕಿಂತ ಹೆಚ್ಚಿನ ಅಪಾಯವಿಲ್ಲ. ಉಗ್ರಾಣದಲ್ಲೋ ಕೊಟ್ಟಿಗೆಯಲ್ಲೋ ಇದ್ದರೆ ಇರಲಿ ಎನ್ನುವುದೇ ಸರಿ. ಮಲಗುವ ಕೋಣೆಯಲ್ಲಿ ಬೇಡ ಅನ್ನುವವರಿಗೆ ಮುಂದಿನ ಕ್ರಮ.

ಡಬ್ಬಿ ಮತ್ತು ರಟ್ಟು

ಡಬ್ಬಿ ಪಾರದರ್ಶಕವಾಗಿರಬೇಕು, ಬಾಯಿ ಕನಿಷ್ಠ 14 ಸೆಂ.ಮೀ. ಅಗಲವಿರಬೇಕು. ಕಾಲು ಚಾಚಿದರೆ ಈ ಜೇಡ 8ರಿಂದ 12 ಸೆಂ.ಮೀ. ಬರುತ್ತದೆ, ನೀರಿನ ಲೋಟ, ಉಪ್ಪಿನಕಾಯಿ ಬಾಟಲಿ ತಂದವರೆಲ್ಲ ಕಾಲು ಕತ್ತರಿಸುವುದೇ ಇದಕ್ಕೆ. ಸ್ವೀಟ್ ಅಂಗಡಿಯವರು ಕೊಡುವ ದುಂಡನೆಯ ಪ್ಲಾಸ್ಟಿಕ್ ಡಬ್ಬಿ ಹೇಳಿ ಮಾಡಿಸಿದಂತಿರುತ್ತದೆ. ಸ್ಟೀಲ್ ಡಬ್ಬಿ ಬೇಡವೇ ಬೇಡ, ಒಳಗೆ ಜೇಡ ಎಲ್ಲಿದೆ ಎಂದು ಕಾಣುವುದಿಲ್ಲ. ರಟ್ಟಿಗೆ ಹಳೆಯ ಮದುವೆ ಆಮಂತ್ರಣ ಪತ್ರಿಕೆಗಿಂತ ಒಳ್ಳೆಯದು ಸಿಗಲಿಕ್ಕಿಲ್ಲ, ಆದರೆ ಗಣಪತಿಯ ಉಬ್ಬುಚಿತ್ರ ಇರುವುದನ್ನು ಬಿಡಿ. ಉಬ್ಬಿದ ಕಡೆ ಡಬ್ಬಿಯ ಅಂಚು ಕೂರದೆ ಸಂದು ಉಳಿಯುತ್ತದೆ. ನೋಟ್‌ಬುಕ್ ಹಾಳೆಯಂತೂ ನಡುವೆ ಬಾಗುತ್ತದೆ.

ಫ್ಯಾನ್ ಆರಿಸಿ, ಬಾಗಿಲು ಮುಚ್ಚಿ. ಜೇಡ ಮೂಲೆಯಲ್ಲೋ ಕ್ಯಾಲೆಂಡರ್ ಅಂಚಿನಲ್ಲೋ ಇದ್ದರೆ ಅಲ್ಲಿ ಪ್ರಯತ್ನಿಸಬೇಡಿ. ಉದ್ದದ ಕಡ್ಡಿಯಿಂದ ಹಿಂಗಾಲಿನ ಬಳಿ ಗೋಡೆ ತಟ್ಟಿ ಸಮತಟ್ಟಾದ ಜಾಗಕ್ಕೆ ಬರಿಸಿ.

ಇನ್ನು ಎಲ್ಲರೂ ಎಡವುವ ಘಟ್ಟ. ಜೇಡದ ಕಾಲುಗಳ ಮೇಲಿನ ನವಿರು ಕೂದಲು ಗಾಳಿಯ ಸಣ್ಣ ಅಲುಗಾಟವನ್ನೂ ಹಿಡಿಯುತ್ತವೆ. ದೂರದಿಂದ ರಪ್ಪನೆ ಡಬ್ಬಿ ಬೀಸಿದರೆ, ಡಬ್ಬಿಗಿಂತ ಮೊದಲು ಅದು ತಳ್ಳಿದ ಗಾಳಿ ಜೇಡವನ್ನು ಮುಟ್ಟುತ್ತದೆ. ಅಂಚು ಗೋಡೆಗೆ ತಾಗುವ ಹೊತ್ತಿಗೆ ಜೇಡ ಅಲ್ಲಿರುವುದಿಲ್ಲ. ಡಬ್ಬಿಯನ್ನು ನಿಧಾನವಾಗಿ ಒಂದು ಗೇಣು ದೂರದವರೆಗೆ ತನ್ನಿ, ಅಲ್ಲಿ ಎರಡು ಉಸಿರಿನಷ್ಟು ಹೊತ್ತು ನಿಲ್ಲಿಸಿ, ಆಮೇಲೆ ಒಂದೇ ಸಮನೆ ಮುಂದಕ್ಕೆ ಒತ್ತಿ. ಡಬ್ಬಿಯ ತಳದಲ್ಲಿ ಕಾಸಿದ ಸೂಜಿಯಿಂದ ಮೊದಲೇ ಹತ್ತು ತೂತು ಮಾಡಿಟ್ಟಿದ್ದರೆ ಗಾಳಿ ಹಿಂದಕ್ಕೂ ಹೋಗುತ್ತದೆ.

ಮುಚ್ಚಿದ ಮೇಲೆ ಕೂಡಲೇ ರಟ್ಟು ತೂರಿಸಬೇಡಿ. ಜೇಡ ಆಗ ಗೋಡೆಗೇ ಅಂಟಿಕೊಂಡು ಅಂಚಿನ ಸುತ್ತ ಸಂದು ಹುಡುಕುತ್ತಿರುತ್ತದೆ. ರಟ್ಟು ಬಂದರೆ ಕಾಲು ಸಿಕ್ಕಿಕೊಳ್ಳುತ್ತದೆ, ಕಾಲನ್ನು ಕಳಚಿಟ್ಟು ಪಾರಾಗುವುದೂ ಅದಕ್ಕೆ ಗೊತ್ತು. ಡಬ್ಬಿಯನ್ನು ಅದುಮಿ ಹಿಡಿದು ಕಾಯಿರಿ. ಈ ಜೇಡ ನಯವಾದ ಪ್ಲಾಸ್ಟಿಕ್ಕನ್ನೂ ಹತ್ತಬಲ್ಲದು, ಆದ್ದರಿಂದ ಸ್ವಲ್ಪ ಹೊತ್ತಿಗೆ ಗೋಡೆ ಬಿಟ್ಟು ಡಬ್ಬಿಯ ಒಳಮೈಗೆ ಬರುತ್ತದೆ. ಎಂಟೂ ಕಾಲು ಗೋಡೆ ಬಿಟ್ಟವೇ ಎಂದು ನೋಡಿ ಎದುರು ಬದಿಯಿಂದ ರಟ್ಟು ತೂರಿಸಿ. ಅಂಚನ್ನು ಎತ್ತಿ ದಾರಿ ಮಾಡಿಕೊಡಬೇಡಿ. ರಟ್ಟೇ ತಳ್ಳಿಕೊಂಡು ಹೋಗಲಿ. ತಡೆದರೆ ನಿಲ್ಲಿಸಿ, ಜೇಡ ಸರಿದ ಮೇಲೆ ಮುಂದುವರಿಸಿ.

ಗೋಡೆಯಿಂದ ಬಿಡಿಸುವಾಗ ನೇರವಾಗಿ ಎಳೆದರೆ ರಟ್ಟು ಬಾಗಿ ಬಾಯಿ ತೆರೆದುಕೊಳ್ಳುತ್ತದೆ. ಕೆಳ ಅಂಚನ್ನು ಮಾತ್ರ ಬೆರಳು ಹಿಡಿಸುವಷ್ಟು ಬಿಡಿಸಿ, ರಟ್ಟಿನ ಹಿಂದೆ ಬೆರಳುಗಳನ್ನು ಮೇಲಕ್ಕೆ ಜಾರಿಸಿ, ಅಂಗೈ ಪೂರ್ತಿ ಆನಿಸಿದ ಮೇಲೆ ಡಬ್ಬಿ ಸಮೇತ ತೆಗೆಯಿರಿ. ತಳ ಕೆಳಗೆ ಬರುವಂತೆ ತಿರುಗಿಸಿ, ಹಿತ್ತಲಿನ ಮರದ ಬುಡದಲ್ಲೋ ಸೌದೆ ರಾಶಿಯಲ್ಲೋ ಬಿಡಿ.

ಸ್ಪ್ರೇ ಹೊಡೆಯುವುದು ಅಡ್ಡದಾರಿಯಲ್ಲ, ಉದ್ದದಾರಿ. ಜೇಡ ತಕ್ಷಣ ಸಾಯದೆ ಹುಚ್ಚೆದ್ದು ಓಡುತ್ತದೆ, ಚೇಳೂ ಹಾಗೆಯೇ. ಜಿರಳೆಗೆಂದು ಗೀಚುವ ಔಷಧಿ ಸೀಮೆಸುಣ್ಣ ಇವುಗಳ ಮಟ್ಟಿಗೆ ಬರೀ ಗೆರೆ: ಕಾಲ ತುದಿಯಲ್ಲಿ ದಾಟಿಹೋಗುತ್ತವೆ. ಪ್ಲಗ್‌ಗೆ ಸಿಕ್ಕಿಸುವ ‘ಶಬ್ದದಿಂದ ಓಡಿಸುವ’ ಯಂತ್ರಕ್ಕೆ ಕೊಟ್ಟ ದುಡ್ಡಿನಲ್ಲಿ ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸಬಹುದಿತ್ತು.

ಬೆಳಿಗ್ಗೆ ಎದ್ದಾಗ ಕತ್ತಿನ ಮೇಲೆ ಉರಿಯುವ ಗೆರೆ, ಗುಳ್ಳೆ ಕಂಡರೆ ‘ಜೇಡ ಉಚ್ಚೆ ಹೊಯ್ದಿದೆ’ ಎನ್ನುವುದು ರೂಢಿ. ಮಳೆಗಾಲದಲ್ಲಿ ಟ್ಯೂಬ್‌ಲೈಟ್‌ಗೆ ಬರುವ, ಕಪ್ಪು–ಕಿತ್ತಳೆ ಪಟ್ಟೆಯ ಸಣ್ಣ ಪೇಡೆರಸ್ ಹುಳುವನ್ನು ನಿದ್ದೆಯಲ್ಲಿ ಮೈಮೇಲೆ ಉಜ್ಜಿದ್ದರಿಂದ ಬಂದದ್ದು ಅದು ಎಷ್ಟೋ ಸಲ. ಹೊಸಕಬೇಡಿ, ಊದಿ ಹಾರಿಸಿ, ಸೋಪಿನಿಂದ ತೊಳೆಯಿರಿ.

ಚೇಳಿಗೆ ಬೇರೆ ಲೆಕ್ಕ

ಮುಂದಿನ ಚಿಮಟದಂಥ ಕೈಗಳು ಸಣ್ಣ, ಬಾಲ ದಪ್ಪ ಇದ್ದರೆ ಹೆದರಿ. ಆ ಕೈಗಳು ದಪ್ಪ, ಮೈ ಕಪ್ಪಗೆ ದೊಡ್ಡದಿದ್ದರೆ ಹೆಚ್ಚಾಗಿ ನೋವಷ್ಟೇ. ಮಹಾರಾಷ್ಟ್ರ, ಉತ್ತರ ಕರ್ನಾಟಕ, ಆಂಧ್ರದ ಕಡೆ ಮಕ್ಕಳ ಜೀವಕ್ಕೆ ಕುತ್ತು ತರುವ ಕೆಂಪು ಚೇಳು ಮೊದಲ ಗುಂಪಿನದು. ಬಣ್ಣವನ್ನು ನಂಬಬೇಡಿ, ಕಡುಕಂದು ಬಣ್ಣದವೂ ಇವೆ.

ಚೇಳು ನಯವಾದ ಪ್ಲಾಸ್ಟಿಕ್ ಹತ್ತಲಾರದು, ಕತ್ತಲೆ ಕಂಡರೆ ನುಗ್ಗುತ್ತದೆ. ಈ ಎರಡು ಗುಣ ಸಾಕು. ಬೂಟು ಹಾಕಿಕೊಳ್ಳಿ. ಅದೇ ಡಬ್ಬಿಗೆ ಹೊರಗಿನಿಂದ ಕಪ್ಪು ಬಟ್ಟೆ ಸುತ್ತಿ, ಚೇಳಿನ ಎದುರಿಗೆ ಅಡ್ಡ ಮಲಗಿಸಿ, ಮೂರಡಿ ಕೋಲಿನಿಂದ ಹಿಂದಿನ ನೆಲ ತಟ್ಟಿ. ಒಳಹೊಕ್ಕ ಕೂಡಲೇ ಕೋಲಿನಿಂದಲೇ ಡಬ್ಬಿಯ ಬಾಯಿ ಎತ್ತಿ ನಿಲ್ಲಿಸಿ, ಮುಚ್ಚಳ ಹಾಕಿ. ಗೋಡೆಯ ಮೇಲಿದ್ದರೆ ಡಬ್ಬಿಯನ್ನು ಕೆಳಗೆ ಒಡ್ಡಿ ಮೇಲಿನಿಂದ ತಳ್ಳಿ. ಅಡುಗೆಮನೆಯ ಇಕ್ಕಳ ಬೇಡ: ಕೈಗೂ ಬಾಲಕ್ಕೂ ನಡುವೆ ಉಳಿಯುವ ಅಂತರ ಸಾಲದು, ಬಿಗಿಯಾದರೆ ಚೇಳು ಜಜ್ಜಿಹೋಗುತ್ತದೆ, ಸಡಿಲವಾದರೆ ಕಾಲ ಮೇಲೆ ಬೀಳುತ್ತದೆ. ಬಿಡುವುದು ಜನರಿಲ್ಲದ ಕಲ್ಲುರಾಶಿಯಲ್ಲಿ, ಪಕ್ಕದ ಸೈಟಿನಲ್ಲಲ್ಲ.

ಒಂದು ಸಿಕ್ಕಿತೆಂದು ಸುಮ್ಮನಾಗಬೇಡಿ. ಚೇಳಿನ ಮೈ ನೇರಳಾತೀತ ಬೆಳಕಿಗೆ ಹಸಿರು–ನೀಲಿಯಾಗಿ ಹೊಳೆಯುತ್ತದೆ. ನೋಟು ಪರೀಕ್ಷಿಸುವ ಯುವಿ ಟಾರ್ಚ್ ಸಾಕು. 365 ನ್ಯಾನೋಮೀಟರಿನದಾದರೆ ನೇರಳೆ ಬೆಳಕಿನ ಗೊಂದಲ ಕಡಿಮೆ. ಅಮಾವಾಸ್ಯೆಯ ಆಸುಪಾಸಿನಲ್ಲಿ, ಕತ್ತಲಾಗಿ ಒಂದೆರಡು ಗಂಟೆಯ ಮೇಲೆ, ಕಾಂಪೌಂಡ್ ಬುಡ, ಬಚ್ಚಲ ಮೋರಿ, ಇಟ್ಟಿಗೆ ರಾಶಿ ನೋಡಿ. ಈಗಷ್ಟೇ ಪೊರೆ ಬಿಟ್ಟದ್ದು ಹೊಳೆಯುವುದಿಲ್ಲ, ಹಾಗಾಗಿ ಕೈ ಹಾಕುವ ಮುನ್ನ ಸಾಮಾನ್ಯ ಟಾರ್ಚನ್ನೂ ಹಾಕಿ ನೋಡಿ. ಯುವಿ ಟಾರ್ಚನ್ನು ಮಕ್ಕಳ ಕಣ್ಣಿಗೆ ಹಿಡಿಯಬೇಡಿ.

ಬಾಗಿಲಡಿ ಮೂರು ಮಿ.ಮೀ. ಸಂದಿದ್ದರೂ ಚೇಳಿಗೆ ದಾರಿಯೇ. ರಬ್ಬರ್ ಪಟ್ಟಿ, ಮೋರಿಗೆ ಜಾಲರಿ, ಸೌದೆ ಮತ್ತು ತೆಂಗಿನ ಸಿಪ್ಪೆ ಗೋಡೆಯಿಂದ ದೂರ. ಮಂಚ ಗೋಡೆಗೆ ತಾಗದಿರಲಿ, ಸೊಳ್ಳೆಪರದೆಯ ಅಂಚು ಹಾಸಿಗೆಯಡಿ ಸಿಕ್ಕಿಸಿರಲಿ. ಜಿರಳೆ ಕಡಿಮೆಯಾದರೆ ಇವೆರಡಕ್ಕೂ ಮೇವು ಕಡಿಮೆ.

ಕುಟುಕಿದರೆ

ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಹುಣಸೆಬೀಜ ತೇಯ್ದು ಅಂಟಿಸುವುದು ಯಾವುದೂ ಬೇಡ. ತಣ್ಣೀರ ಬಟ್ಟೆ ಇಡಿ, ಉಂಗುರ–ಬಳೆ ತೆಗೆಯಿರಿ. ಬರೀ ನೋವಿದ್ದರೆ ಒಂದು ಬಗೆ. ಮೈ ಬೆವರುವುದು, ವಾಂತಿ, ಕೈಕಾಲು ತಣ್ಣಗಾಗುವುದು ಶುರುವಾದರೆ ವಿಷ ಹೃದಯದ ಮೇಲೆ ಕೆಲಸ ಮಾಡುತ್ತಿದೆ ಎಂದರ್ಥ. ಮಗುವಾದರೆ ಈ ಲಕ್ಷಣಗಳಿಗೂ ಕಾಯದೆ ಆಸ್ಪತ್ರೆಗೆ ಹೊರಡಿ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ರಕ್ತದೊತ್ತಡದ ಮಾತ್ರೆ ಪ್ರಾಜೋಸಿನ್ ಇದಕ್ಕೆ ಕೆಲಸ ಮಾಡುತ್ತದೆಂದು ತೋರಿಸಿದ ಮೇಲೆ ಕೆಂಪು ಚೇಳಿನ ಸಾವುಗಳು ಬಹಳ ಇಳಿದವು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಅಜ್ಜನ ಡಬ್ಬಿಯಲ್ಲಿದೆ ಎಂದು ಆ ಮಾತ್ರೆಯನ್ನು ಮನೆಯಲ್ಲೇ ಕೊಡಬೇಡಿ, ರಕ್ತದೊತ್ತಡ ನೋಡಿಯೇ ಪ್ರಮಾಣ ಗೊತ್ತುಮಾಡಬೇಕು. ಕುಟುಕಿದ ಗಂಟೆಯನ್ನು ಬರೆದುಕೊಂಡು ಹೋಗಿ, ಚೇಳು ಸಿಕ್ಕಿದ್ದರೆ ಫೋನಿನಲ್ಲಿ ಒಂದು ಫೋಟೊ. ನೋವು ಇಳಿಯಿತೆಂದು ಮಗುವನ್ನು ಬೇಗ ಮನೆಗೆ ಕರೆತರುವ ಅವಸರ ಬೇಡ. ವೈದ್ಯರು 24 ಗಂಟೆ ನೋಡೋಣ ಎಂದರೆ ಅಲ್ಲೇ ಇರಿ.