ನಕ್ಷೆಯಲ್ಲಿ ಕಾಣದ ದಾದರ್ ನಿಲ್ದಾಣ

ನಾನು ಮಾಡಿದ ಮುಂಬಯಿಯ ಕಳವು ಪ್ರಕರಣಗಳ ನಕ್ಷೆಯನ್ನು ಮೊದಲು ತೋರಿಸಿದ್ದು ಮಾಟುಂಗದ ಚಿಕ್ಕಮ್ಮನಿಗೆ. ಮೊಬೈಲಿನಲ್ಲಿ ದಾದರನ್ನು ಹಿಗ್ಗಿಸಿ, "ನನ್ನ ಫೋನ್ ಹೋದದ್ದು ಇಲ್ಲೇ ಅಲ್ಲವೇನೋ? ನಿಲ್ದಾಣದ ಹತ್ತಿರ ಏನೂ ಇಲ್ಲವಲ್ಲ" ಎಂದರು.

ಅವರ ಮಾತು ನಿಜ. ಲೋಕಲ್ ರೈಲಿನಲ್ಲೋ ಪ್ಲಾಟ್‌ಫಾರ್ಮಿನಲ್ಲೋ ಆದ ಕಳವು ನಗರ ಪೊಲೀಸರ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕೆ ಬೇರೆಯೇ ರೈಲ್ವೆ ಪೊಲೀಸ್ ಕಮಿಷನರೇಟ್ ಇದೆ. ನಾನು ಎಣಿಸಿದ್ದು ನಗರ ಠಾಣೆಗಳ ಎಫ್‌ಐಆರ್‌ಗಳನ್ನು ಮಾತ್ರ. ಹಗಲಿರುಳು ಜನ ತುಂಬಿ ತುಳುಕುವ ಜಾಗವೇ ನನ್ನ ನಕ್ಷೆಯಲ್ಲಿ ನೆಮ್ಮದಿಯ ತಾಣವಾಗಿ ಕಂಡಿತ್ತು.

ಕಳವನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಎಫ್‌ಐಆರ್‌ಗಳನ್ನು ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದರೂ ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಅಂಥವುಗಳ ನಕ್ಷೆ ಎಂದೂ ಪೂರ್ಣವಾಗದು. ಠಾಣೆಗಳ ಗಡಿಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕೈಯಾರೆ ಎಳೆದೆ, ಜಾಲತಾಣದಲ್ಲಿ ನಕ್ಷೆ ತೋರಿಸುವ ಲೀಫ್ಲೆಟ್ ಎಂಬ ಸಲಕರಣೆಯಲ್ಲಿ ನಕ್ಷೆ ಕಟ್ಟಿದೆ. ಇಷ್ಟು ಯಾರಾದರೂ ಕಲಿಯಬಹುದು.

ಬೆವರಿಳಿಸಿದ್ದು ಲೆಕ್ಕ. ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ಎಂದು ಭಾಗಿಸಿದೊಡನೆ ದಕ್ಷಿಣ ಮುಂಬಯಿಯ ಫೋರ್ಟ್, ಚರ್ಚ್‌ಗೇಟ್ ಪ್ರದೇಶ ಕಡುಗೆಂಪಾಯಿತು. ಅಲ್ಲಿ ವಾಸಿಸುವವರು ಕಡಿಮೆ, ಹಗಲಲ್ಲಿ ಕಚೇರಿಗೆ ಬಂದು ಹೋಗುವವರು ಅಪಾರ. ಜನಗಣತಿಯೋ 2011ರದು, ಅದು ಎಣಿಸಿದ್ದು ಮನೆಯಲ್ಲಿರುವವರನ್ನು. ಪಾಲಿಕೆಯ ವಾರ್ಡ್ ಗಡಿಗೂ ಠಾಣೆಯ ವ್ಯಾಪ್ತಿಗೂ ತಾಳೆಯಿಲ್ಲ. ಆ ದರವನ್ನೇ ಕೈಬಿಟ್ಟೆ. ಪ್ರತಿ ಠಾಣೆಯನ್ನು ಅದರದೇ ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ಹೋಲಿಸಿದೆ. ಒಂದು ಬಡಾವಣೆಯ ಮೇಲೆ ಕೆಂಪು ಬಳಿದರೆ ಅಲ್ಲಿ ಬಾಡಿಗೆ ಮನೆ ಹುಡುಕುವವರೂ ಅದನ್ನು ನೋಡುತ್ತಾರೆ. ಹಾಗಾಗಿ ಏರಿಕೆಗೆ ಕಿತ್ತಳೆ, ಇಳಿಕೆಗೆ ನೀಲಿ ಹಚ್ಚಿದೆ.

2024ರ ಜುಲೈ 1ರಂದು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಕಳವಿನ ಶಿಕ್ಷೆಯ 379ನೇ ಕಲಮಿನ ಜಾಗಕ್ಕೆ 303(2) ಬಂತು, ಕಸಿದುಕೊಂಡು ಓಡುವುದಕ್ಕೆ 304 ಎಂಬ ಪ್ರತ್ಯೇಕ ಕಲಮು ಸಿಕ್ಕಿತು. ಹಳೆಯ ಸಂಖ್ಯೆಯನ್ನೇ ಹುಡುಕುತ್ತಿದ್ದ ನನ್ನ ಪ್ರೋಗ್ರಾಮಿಗೆ ಆ ತಿಂಗಳಿಂದ ಮುಂಬಯಿಯಲ್ಲಿ ಕಳ್ಳರೇ ಇರಲಿಲ್ಲ! ಹೊಸ ಎರಡೂ ಕಲಮುಗಳನ್ನು ಹುಡುಕಾಟಕ್ಕೆ ಸೇರಿಸಿ, ಕಾಲರೇಖೆಯಲ್ಲಿ ಆ ದಿನಕ್ಕೊಂದು ಗೆರೆ ಎಳೆದೆ.

ರೈಲ್ವೆ ಠಾಣೆಗಳನ್ನು ಆಮೇಲೆ ಬೇರೆ ಪದರವಾಗಿ, ವೃತ್ತಗಳಲ್ಲಿ ಕೂರಿಸಿದೆ. ಕುರ್ಲಾದ ನೂಕುನುಗ್ಗಲಿನಲ್ಲಿ ಜೇಬಿನಿಂದ ಹೋದ ಫೋನು ಕಲ್ಯಾಣದಲ್ಲಿ ಇಳಿದಾಗ ನೆನಪಾಗುತ್ತದೆ, ದೂರು ಅಲ್ಲೇ ಆಗಬಹುದು. ಅದಕ್ಕೇ ವೃತ್ತ ಮುಟ್ಟಿದಾಗ ತೆರೆಯುವ ಚೌಕದಲ್ಲಿ ಮೊದಲಿದ್ದ "ಇಲ್ಲಿ ನಡೆದ ಕಳವು" ಎಂಬುದನ್ನು ಅಳಿಸಿ, "ಇಲ್ಲಿ ದಾಖಲಾದ ದೂರು" ಎಂದು ಬರೆದೆ.