ನನ್ನ .44ಕ್ಕೆ ಬೇಟೆಯ ತೋಟಾ ಆರಿಸಿದ ಬಗೆ

ಅಮೆರಿಕದ ಕಾಡಿನಲ್ಲಿ ಬಿಳಿಬಾಲದ ಜಿಂಕೆಗೂ ಕಾಡುಹಂದಿಗೂ ನಾನು ಒಯ್ಯುವುದು .44 ಮ್ಯಾಗ್ನಮ್ ರಿವಾಲ್ವರ್. ತೋಟಾಗಳನ್ನು ನಾನೇ ತುಂಬುತ್ತೇನೆ. ದುಡ್ಡು ಉಳಿಯುವುದು ಸಣ್ಣ ಲಾಭ. ನನ್ನದೇ ನಳಿಗೆಗೆ ಒಪ್ಪುವ ಗುಂಡು ಸಿಗುತ್ತದಲ್ಲ, ನನಗೆ ಬೇಕಾದ್ದು ಅದು.

ತುಂಬಲು ಕೂತವರು ಮೊದಲು ಮದ್ದಿನ ಬಗ್ಗೆ, ವೇಗದ ಬಗ್ಗೆ ಮಾತಾಡುತ್ತಾರೆ. ನಾನು ಗುಂಡಿನಿಂದ ಶುರುಮಾಡುತ್ತೇನೆ. ರೈಫಲ್ಲಿನ ವೇಗ ರಿವಾಲ್ವರ್‌ಗೆ ದಕ್ಕುವುದಿಲ್ಲ. ನನ್ನ ಗುಂಡು ಹೊರಡುವುದು ಸೆಕೆಂಡಿಗೆ ಸುಮಾರು 1,200 ಅಡಿಯಲ್ಲಿ. ಆ ವೇಗದಲ್ಲಿ ಕೆಲಸ ಮಾಡುವುದು ತೂಕ ಮತ್ತು ಮೂತಿ. ಉರುಟು ಮೂತಿ ಮಾಂಸವನ್ನು ಸರಿಸಿಕೊಂಡು ನುಸುಳಿಬಿಡುತ್ತದೆ, ಚಪ್ಪಟೆ ಮೂತಿ ಕತ್ತರಿಸಿಕೊಂಡು ಹೋಗುತ್ತದೆ. ಅಮೆರಿಕದ ಬೇಟೆಗಾರ, ಬಂದೂಕು ಬರಹಗಾರ ಎಲ್ಮರ್ ಕೀತ್ .44 ಸ್ಪೆಷಲ್ ಎಂಬ ಹಳೆಯ ತೋಟಾಗೆ ಚಪ್ಪಟೆ ಮೂತಿಯ ಸೀಸದ ಗುಂಡು ರೂಪಿಸಿ, ಭಾರಿ ಮದ್ದು ತುಂಬಿ ವರ್ಷಗಟ್ಟಲೆ ಹಠ ಹಿಡಿದದ್ದರಿಂದಲೇ 1955ರಲ್ಲಿ .44 ಮ್ಯಾಗ್ನಮ್ ಹುಟ್ಟಿತು.

ಜಿಂಕೆಗೆ ಮಾತ್ರವಾದರೆ 240 ಗ್ರೇನಿನ (ಗುಂಡು, ಮದ್ದು ತೂಗುವ ಸಣ್ಣ ಅಳತೆ), ತಾಮ್ರದ ಹೊದಿಕೆಯ, ಮೂತಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್ ಗುಂಡು ಸಾಕು. ಹಂದಿಯ ಭುಜದ ಮೇಲಿನ ದಪ್ಪ ಚರ್ಮಕ್ಕೆ ನನಗೆ ಅದರಲ್ಲಿ ನಂಬಿಕೆಯಿಲ್ಲ. ಎರಡು ಕಡೆಯೂ ತೂತಾಗಬೇಕು, ಇಲ್ಲದಿದ್ದರೆ ನೆತ್ತರ ಜಾಡು ಸಿಗುವುದಿಲ್ಲ. 300 ಗ್ರೇನಿನದನ್ನೂ ಹಾರಿಸಿ ನೋಡಿದೆ. ಒದೆತ ಹೆಚ್ಚು, ಗುರಿಗಿಂತ ಮೇಲೆ ಬೀಳುತ್ತದೆ. ಕೊನೆಗೆ ಉಳಿದದ್ದು 265 ಗ್ರೇನಿನ, ಅಗಲ ಮೂತಿಯ ಎರಕದ ಗುಂಡು. ಎರಡೂ ಬೇಟೆಗೆ ಅದೊಂದೇ.

ಗುಂಡಿನ ಅಳತೆಯೇ ಎಲ್ಲಕ್ಕಿಂತ ಮುಖ್ಯ. ಮೆತ್ತನೆಯ ಸೀಸವನ್ನು ನಳಿಗೆಯಲ್ಲಿ ತೂರಿಸಿ, ಒಳಗೆ ಕೊರೆದ ತೋಡಿನ ವ್ಯಾಸ ಅಳೆದೆ, .429 ಇಂಚು. ಸಿಲಿಂಡರಿನ ಆರೂ ಗೂಡುಗಳ ಬಾಯಿ .4315. ಗುಂಡು ಗೂಡಿನ ಬಾಯಿಯನ್ನು ತುಸುವೇ ಸವರಿ ಹೊರಡಬೇಕು, ನಳಿಗೆಯ ತೋಡಿಗಿಂತ ದಪ್ಪವಿರಬೇಕು; ಹಾಗಾಗಿ .431ಕ್ಕೆ ಇಳಿಸಿಕೊಂಡೆ. ಸಡಿಲವಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸ ಕರಗಿಸಿ ನಳಿಗೆಗೆ ಮೆತ್ತುತ್ತದೆ. ಇದನ್ನು ನೋಡಿದವರು ಇನ್ನೂ ಗಟ್ಟಿ ಸೀಸ ಹುಡುಕುತ್ತಾರೆ. ಅದು ಪರಿಹಾರವಲ್ಲ. ಅಚ್ಚಿನ ಮೊಳೆಗೆ ಬಳಸುತ್ತಿದ್ದ ಅತಿ ಗಟ್ಟಿಯಾದ ಲಿನೋಟೈಪ್ ಸೀಸ ಮೂಳೆಗೆ ಬಡಿದರೆ ಒಡೆಯಬಹುದು.

ಮದ್ದು ಎಚ್110, ಜೊತೆಗೆ ಅದಕ್ಕೆ ಕಿಡಿ ಹೊತ್ತಿಸುವ ಮ್ಯಾಗ್ನಮ್ ಪ್ರೈಮರ್. ಎಷ್ಟು ಗ್ರೇನ್ ಎಂದು ಬರೆಯುವುದಿಲ್ಲ. ಅದನ್ನು ಆ ಗುಂಡಿಗೆಂದೇ ತಯಾರಕರು ಪ್ರಕಟಿಸಿದ ಕೋಷ್ಟಕದಿಂದಲೇ ತೆಗೆದುಕೊಳ್ಳಬೇಕು. ಈ ಮದ್ದನ್ನು ಮನಸ್ಸಿಗೆ ಬಂದಂತೆ ಕಡಿಮೆ ಮಾಡುವುದೂ ಅಪಾಯ. ಮೆತ್ತನೆಯ ಈಡು ಬೇಕೆನ್ನುವವರು ಬೇರೆ ಮದ್ದು ಆರಿಸಿಕೊಳ್ಳಲಿ.

ತೋಟಾದ ಹಿತ್ತಾಳೆಯ ಕೇಸಿನ ಬಾಯಿ ಮಡಚುವ ಕ್ರಿಂಪ್ ಬಿಗಿಯಾಗಿಲ್ಲದಿದ್ದರೆ ಒದೆತಕ್ಕೆ ಉಳಿದ ಗುಂಡುಗಳು ಮುಂದಕ್ಕೆ ಸರಿದು ಸಿಲಿಂಡರನ್ನೇ ಕಚ್ಚಿಹಾಕುತ್ತವೆ. ಎದುರಿಗೆ ಗಾಯಗೊಂಡ ಹಂದಿ, ಕೈಯಲ್ಲಿ ತಿರುಗದ ರಿವಾಲ್ವರ್: ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ಅದಕ್ಕೇ ಕೇಸುಗಳನ್ನೆಲ್ಲ ಒಂದೇ ಉದ್ದಕ್ಕೆ ಕತ್ತರಿಸುತ್ತೇನೆ. ಆರು ತುಂಬಿ, ಐದು ಹಾರಿಸಿ, ಆರನೆಯದರ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆಯುತ್ತೇನೆ. ಬೆಳೆದಿದ್ದರೆ ಆ ತಯಾರಿ ಬೇಟೆಗಲ್ಲ.

ಗುರಿಯನ್ನೂ ಬೆಂಚಿನ ಮೇಲಲ್ಲ, ಕಾಡಿನಲ್ಲಿ ಕೂರುವಂತೆಯೇ ಮೊಣಕಾಲಿಗೆ ಕೈ ಊರಿ ನೋಡುತ್ತೇನೆ. ಆರು ಗೂಡಿನ ಆರೂ ಗುಂಡುಗಳು ಆರು ಇಂಚಿನ ತಟ್ಟೆಯೊಳಗೆ ಬೀಳುವ ದೂರವೇ ನನ್ನ ಮಿತಿ. ಅದು 60 ಗಜ. 70 ಗಜದಲ್ಲಿ ಎಂಥ ಜಿಂಕೆ ನಿಂತರೂ ಟ್ರಿಗರ್ ಎಳೆಯುವುದಿಲ್ಲ. ಶ್ವಾಸಕೋಶ ತಪ್ಪಿ ಹೊಟ್ಟೆಗೆ ಬಿದ್ದ ಈಡಿನ ಸಂಕಟ ಆ ಪ್ರಾಣಿಯದು, ಅದಕ್ಕೆ ನನಗೆ ಹಕ್ಕಿಲ್ಲ.

ಹೊರಡುವ ಮುನ್ನ ಒಯ್ಯುವ ಒಂದೊಂದು ತೋಟಾವನ್ನೂ ಗೂಡಿಗಿಳಿಸಿ ಸಿಲಿಂಡರ್ ತಿರುಗಿಸಿ ನೋಡುತ್ತೇನೆ. ಚೂರು ತಡೆದರೂ ಅದು ಬಿಚ್ಚುವ ಡಬ್ಬಿಗೆ.